ಸ್ಪ್ಯಾನಿಷ್ ಕ್ರಿಯಾಪದ: ಒಂದು ಧಾತು, ಹಲವು ಕಾಲ

ಕಳೆದ ಸಂಚಿಕೆಯಲ್ಲಿ ಸ್ಪ್ಯಾನಿಷ್ ಭಾಷೆಯ ಅಕ್ಷರಗಳನ್ನೂ ಅವುಗಳ ಉಚ್ಚಾರವನ್ನೂ ಕುರಿತು ನಾಲ್ಕು ಮಾತುಗಳನ್ನು ಬರೆದಿದ್ದೆವಷ್ಟೆ. ಅದನ್ನು ಓದಿದ ವಾಚಕರಲ್ಲಿ ಕೆಲವರು, "ಉಚ್ಚಾರವೇನೋ ಸುಲಭವಾಯಿತು, ಆದರೆ ಪುಸ್ತಕದ ಕೊನೆಯಲ್ಲಿ ಅಚ್ಚುಹಾಕಿರುವ ಕ್ರಿಯಾಪದದ ಪಟ್ಟಿಗಳನ್ನು ನೋಡಿ ಎದೆಗುಂದಿದೆವು" ಎಂದು ಬರೆದಿರುವರು. ಹೀಗೆ ಬರೆದವರಲ್ಲಿ ಶಾಲೆಯಲ್ಲಿ ಸ್ಪ್ಯಾನಿಷ್ ಆರಿಸಿಕೊಂಡಿರುವ ಮಕ್ಕಳ ತಾಯಂದಿರಿದ್ದಾರೆ. ಮಗ ಸೊಸೆಯರು ಮ್ಯಾಡ್ರಿಡ್ಡಿನಲ್ಲೋ ಬಾರ್ಸೆಲೋನದಲ್ಲೋ ಉದ್ಯೋಗದಲ್ಲಿರುವುದರಿಂದ ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿಬರಬೇಕೆಂದಿರುವ ಹಿರಿಯರೂ ಇದ್ದಾರೆ. ಎಲ್ಲರ ದೂರೂ ಒಂದೇ. ಒಂದು ಧಾತುವಿಗೆ ಒಂದೊಂದು ಕಾಲದಲ್ಲಿ ಆರು ರೂಪಗಳಂತೆ ಎಂಟು ಕಾಲಗಳಿಗೆ ನಲವತ್ತೆಂಟು ರೂಪಗಳಾಗುವುವು. ಇಷ್ಟನ್ನು ಬಾಯಿಪಾಠ ಮಾಡುವುದು ಹೇಗೆ?

ಈ ದೂರನ್ನು ಇಂಗ್ಲಿಷಿನವನು ಹೇಳಿದರೆ ಒಪ್ಪಬಹುದು. ಕನ್ನಡಿಗನು ಹೇಳಿದರೆ ನಗು ಬರುತ್ತದೆ. ನಮ್ಮ 'ಬಾ' ಎಂಬ ಪುಟ್ಟ ಧಾತುವನ್ನು ತೆಗೆದುಕೊಳ್ಳಿ. ಬಂದೆನು, ಬಂದೆ, ಬಂದನು, ಬಂದಳು, ಬಂದಿತು, ಬಂದೆವು, ಬಂದಿರಿ, ಬಂದರು, ಬಂದುವು—ಭೂತಕಾಲವೊಂದಕ್ಕೇ ಒಂಬತ್ತು ರೂಪಗಳಾದುವು. ಅದೇ ಧಾತು ವರ್ತಮಾನಕ್ಕೆ ಬಂದರೆ 'ಬರುತ್ತೇನೆ' ಎಂದು ಮೈಯನ್ನೇ ಬದಲಿಸಿಕೊಳ್ಳುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಆಖ್ಯಾತಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದು ಸುಮ್ಮನೆಯೆ? ಇಂಥ ಭಾಷೆಯನ್ನು ಅಡಿಗೆಮನೆಯಲ್ಲಿ ಆಡುತ್ತಲೇ ಕಲಿತ ನಮಗೆ ಸ್ಪ್ಯಾನಿಷ್ ಕ್ರಿಯಾಪದವು ಅಪರಿಚಿತವಲ್ಲ, ದೂರದ ನೆಂಟನಂತೆ. ಮುಖದ ಹೋಲಿಕೆಯನ್ನು ಗುರುತು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಹೋಲಿಕೆ ತಪ್ಪುವ ಕಡೆಗಳು ಮೂರು ನಾಲ್ಕಿವೆ. ಅಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಒಂದೆರಡು ಕಡೆ ಅದು ಔಷಧದ ಮಾತಿಗೂ ಮಾನದ ಮಾತಿಗೂ ತಗಲುವ ವಿಷಯ.

ಉದಾಹರಣೆಗೆ ನಾವು ಆರಿಸಿಕೊಂಡಿರುವ ಕ್ರಿಯಾಪದ 'ತೊಮಾರ್'. ಅರ್ಥ, ತೆಗೆದುಕೊಳ್ಳುವುದು. ಇದನ್ನೇ ಆರಿಸಿದ್ದಕ್ಕೆ ಕಾರಣವುಂಟು. ನಾವು ಕೈಗೆ ವಸ್ತುವನ್ನು ತೆಗೆದುಕೊಳ್ಳುತ್ತೇವೆ, ಔಷಧ ತೆಗೆದುಕೊಳ್ಳುತ್ತೇವೆ, ಬಂದವರಿಗೆ "ಕಾಫಿ ತೆಗೆದುಕೊಳ್ಳಿ" ಎನ್ನುತ್ತೇವೆ. ಸ್ಪೇನಿನವರೂ ಈ ಮೂರಕ್ಕೂ 'ತೊಮಾರ್' ಎಂಬ ಒಂದೇ ಮಾತನ್ನು ಉಪಯೋಗಿಸುವರು. ಇನ್ನೊಂದು ಸ್ವಾರಸ್ಯವನ್ನು ಮುಂದೆ ಹೇಳುವೆವು.

ಸ್ಪ್ಯಾನಿಷ್ ಕ್ರಿಯಾಪದಗಳೆಲ್ಲ ನಿಘಂಟಿನಲ್ಲಿ 'ಆರ್', 'ಏರ್', 'ಈರ್' ಎಂಬ ಮೂರು ಕೊನೆಗಳಲ್ಲಿ ಒಂದನ್ನು ಹೊತ್ತು ನಿಂತಿರುತ್ತವೆ. ಇವುಗಳಲ್ಲಿ ಮೊದಲನೆಯ ಗುಂಪೇ ದೊಡ್ಡದು. ಭಾಷೆಗೆ ಹೊಸದಾಗಿ ಸೇರುವ ಕ್ರಿಯಾಪದಗಳು ಸಾಮಾನ್ಯವಾಗಿ ಈ ಗುಂಪಿಗೇ ಬಂದು ಸೇರುತ್ತವೆ. ನಾವು ಪರಭಾಷೆಯ ಶಬ್ದಕ್ಕೆ 'ಇಸು' ಹಚ್ಚಿಯೋ 'ಮಾಡು' ಸೇರಿಸಿಯೋ ಕ್ರಿಯಾಪದ ಮಾಡಿಕೊಳ್ಳುವಂತೆ, ಅವರು 'ಆರ್' ಹಚ್ಚಿ ಮಾಡಿಕೊಳ್ಳುವರು. ಆದುದರಿಂದ 'ತೊಮಾರ್' ಎಂಬುದರ ದಾರಿಯನ್ನು ಕಲಿತವನು ಸಾವಿರಾರು ಕ್ರಿಯಾಪದಗಳ ದಾರಿಯನ್ನು ಕಲಿತಂತೆ. 'ಆರ್' ಎಂಬ ಕೊನೆಯನ್ನು ಕಳಚಿದರೆ ಉಳಿಯುವುದು ಧಾತು. ಅದಕ್ಕೆ ಆಖ್ಯಾತಪ್ರತ್ಯಯಗಳು ಬಂದು ಹತ್ತುತ್ತವೆ.

ಪ್ರಾರಂಭಿಸುವ ಮೊದಲು ನಮ್ಮ ಬರವಣಿಗೆಯ ಒಂದು ಸಂಕೇತವನ್ನು ಹೇಳಿಬಿಡಬೇಕು. ಸ್ಪ್ಯಾನಿಷ್‌ನಲ್ಲಿ ನಮ್ಮಂತೆ ಹ್ರಸ್ವ ದೀರ್ಘಗಳ ಭೇದವಿಲ್ಲ. ಪದದ ಯಾವುದಾದರೂ ಒಂದು ಅಕ್ಷರವನ್ನು ಒತ್ತಿ ಹೇಳುವುದುಂಟು. ಆ ಒತ್ತನ್ನು ತೋರಿಸುವುದಕ್ಕಾಗಿ ನಾವು ಇಲ್ಲಿ ಅಂಥ ಅಕ್ಷರವನ್ನು ದೀರ್ಘವಾಗಿ ಬರೆದಿರುವೆವು. 'ತೋಮೊ' ಎಂದರೆ ಒತ್ತು ಮೊದಲನೆಯ ಅಕ್ಷರಕ್ಕೆ; 'ತೊಮೋ' ಎಂದರೆ ಎರಡನೆಯದಕ್ಕೆ. ಇದು ಸಣ್ಣ ವಿಷಯವೆಂದು ವಾಚಕರು ದಾಟಿ ಹೋಗಬಾರದು.

ವರ್ತಮಾನಕಾಲ ಹೀಗಿದೆ. ನಾನು ತೆಗೆದುಕೊಳ್ಳುತ್ತೇನೆ ಎಂಬುದಕ್ಕೆ 'ತೋಮೊ'. ನೀನು ಎಂಬುದಕ್ಕೆ 'ತೋಮಸ್'. ಅವನು, ಅವಳು, ಅದು ಎಂಬುದಕ್ಕೆ 'ತೋಮ'. ಬಹುವಚನದಲ್ಲಿ ನಾವು 'ತೊಮಾಮೊಸ್'; ನೀವು 'ತೊಮಾಯ್ಸ್'; ಅವರು 'ತೋಮನ್'. ನಮ್ಮಲ್ಲಿ 'ಎನು', 'ಎವು', 'ಇರಿ', 'ಅರು' ಎಂಬ ಕೊನೆಗಳನ್ನು ಕೇಳಿದೊಡನೆ ಮಾತಾಡಿದವರು ಯಾರೆಂದು ತಿಳಿಯುವುದಷ್ಟೆ. ಅಲ್ಲಿಯೂ ಹಾಗೆಯೆ. ಆದುದರಿಂದ 'ಯೊ' ಎಂಬ 'ನಾನು' ಶಬ್ದವನ್ನು ಅವರು ಪ್ರತಿ ವಾಕ್ಯದಲ್ಲಿಯೂ ಹೇಳುವುದಿಲ್ಲ. "ಬಂದೆ, ಕೂತ್ಕೊಳ್ಳಿ" ಎಂದು ಒಳಗಿನಿಂದ ಕೂಗುವ ಗೃಹಿಣಿಯು 'ನಾನು ಬಂದೆ' ಎನ್ನುವಳೆ? ಇಂಗ್ಲಿಷಿನ ಅಭ್ಯಾಸದಿಂದ ಪ್ರತಿ ವಾಕ್ಯಕ್ಕೂ 'ಯೊ, ಯೊ' ಎಂದು ಸೇರಿಸುವ ನಮ್ಮ ಹುಡುಗರು ಸ್ಪೇನಿನವರ ಕಿವಿಗೆ ತಮ್ಮನ್ನೇ ಹೊಗಳಿಕೊಳ್ಳುವವರಂತೆ ಕೇಳಿಸುವರು. ಸ್ಪ್ಯಾನಿಷ್ ಕಲಿಯುವಾಗ ಇಂಗ್ಲಿಷನ್ನು ಬಾಗಿಲ ಹೊರಗೆ ಬಿಟ್ಟು ಕನ್ನಡವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಆದರೆ ಒಂದು ಕೊರತೆಯುಂಟು. ನಮ್ಮಲ್ಲಿ ತೆಗೆದುಕೊಳ್ಳುತ್ತಾನೆ, ತೆಗೆದುಕೊಳ್ಳುತ್ತಾಳೆ, ತೆಗೆದುಕೊಳ್ಳುತ್ತದೆ ಎಂದು ಲಿಂಗವು ಕ್ರಿಯಾಪದದಲ್ಲಿಯೇ ಕಾಣುವುದು. 'ತೋಮ' ಎಂಬುದರಲ್ಲಿ ಅದು ಕಾಣದು. ಗಂಡಸೋ ಹೆಂಗಸೋ ಮನೆಯ ಬೆಕ್ಕೋ ಹಿಂದಿನ ಮಾತಿನಿಂದ ಊಹಿಸಬೇಕು. ಸಂದೇಹ ಬರುವಂತಿದ್ದರೆ ಮಾತ್ರ 'ಏಲ್' ಎಂದು ಅವನನ್ನೂ 'ಏಯ' ಎಂದು ಅವಳನ್ನೂ ಹೆಸರಿಸುವರು.

ಈಗ ಒತ್ತಿನ ಮಾತು. 'ತೋಮೊ' ಎಂದರೆ ನಾನು ತೆಗೆದುಕೊಳ್ಳುತ್ತೇನೆ. 'ತೊಮೋ' ಎಂದರೆ ಅವನು ಅಥವಾ ಅವಳು ತೆಗೆದುಕೊಂಡಳು. ಅವರ ಲಿಪಿಯಲ್ಲಿ ಅಕ್ಷರಗಳೆಲ್ಲ ಒಂದೇ. ಎರಡನೆಯದರಲ್ಲಿ ಕೊನೆಯ ಅಕ್ಷರದ ನೆತ್ತಿಯ ಮೇಲೆ ಒಂದು ಓರೆಗೆರೆ ಇರುವುದು, ಅಷ್ಟೆ. ಸ್ವರದಿಂದಾಗಲಿ 'ನ್', 'ಸ್' ಎಂಬ ವ್ಯಂಜನಗಳಿಂದಾಗಲಿ ಮುಗಿಯುವ ಪದದಲ್ಲಿ ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ ಬೀಳುವುದು ಅವರ ನಿಯಮ. ಆ ನಿಯಮವನ್ನು ಮೀರುವ ಪದಕ್ಕೆ ಗೆರೆ ಎಳೆದು ತೋರಿಸುವರು. ಹಣಕ್ಕೆ ಸ್ಪ್ಯಾನಿಷ್‌ನಲ್ಲಿ 'ದಿನೇರೊ' ಎಂದು ಹೆಸರು. (ಇದು ಲ್ಯಾಟಿನ್ ಮೂಲದ್ದು, ನಮ್ಮ ಹಳೆಯ 'ದೀನಾರ'ವೂ ಅದೇ ಮೂಲದಿಂದ ಗ್ರೀಕರ ಮೂಲಕ ಸಂಸ್ಕೃತಕ್ಕೆ ಬಂದದ್ದು. ಒಂದೇ ನಾಣ್ಯದ ಎರಡು ಮಕ್ಕಳು.) 'ತೋಮೊ ಎಲ್ ದಿನೇರೊ' ಎಂದರೆ ಹಣವನ್ನು ನಾನು ತೆಗೆದುಕೊಳ್ಳುತ್ತೇನೆ ಎಂದಾಯಿತು. 'ತೊಮೋ ಎಲ್ ದಿನೇರೊ' ಎಂದರೆ ಹಣವನ್ನು ಅವಳು ತೆಗೆದುಕೊಂಡಳು ಎಂದಾಯಿತು. ಮನೆಗೆಲಸಕ್ಕೆ ಬರುವ ಹೆಂಗಸಿನ ಮುಂದೆ ಮನೆಯಾಕೆಯು ತಪ್ಪು ಅಕ್ಷರವನ್ನು ಒತ್ತಿದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ. ಅವಸರದ ಸಂದೇಶಗಳಲ್ಲಿ ಅಲ್ಲಿನವರೇ ಈ ಗೆರೆಯನ್ನು ಬಿಡುವುದುಂಟು. ಅವರಿಗೆ ಸಂದರ್ಭವು ಕೈಹಿಡಿಯುತ್ತದೆ. ಹೊಸಬನು ಮಾತ್ರ ಬಿಡಬಾರದು.

'ತೊಮೋ' ಎಂಬುದು ಮೊದಲನೆಯ ಭೂತಕಾಲಕ್ಕೆ ಸೇರಿದ್ದು. ಅದರ ರೂಪಗಳು: ನಾನು 'ತೊಮೇ', ನೀನು 'ತೊಮಾಸ್ತೆ', ಅವನು 'ತೊಮೋ', ನಾವು 'ತೊಮಾಮೊಸ್', ನೀವು 'ತೊಮಾಸ್ತೆಯ್ಸ್', ಅವರು 'ತೊಮಾರೊನ್'. ತೆಗೆದುಕೊಂಡೆನು, ತೆಗೆದುಕೊಂಡನು ಎಂಬ ನಮ್ಮ ರೂಪಗಳಿಗೆ ಇವು ಸಮ. 'ನಾವು' ಎಂಬಲ್ಲಿ ವರ್ತಮಾನಕ್ಕೂ ಭೂತಕ್ಕೂ ಒಂದೇ ರೂಪವಿರುವುದನ್ನು ಗಮನಿಸಬೇಕು; ನಿನ್ನೆಯೋ ಇಂದೋ ಎಂಬ ಮಾತು ಪಕ್ಕದಲ್ಲಿದ್ದರೆ ತೊಡಕಿಲ್ಲ.

ಎರಡನೆಯ ಭೂತಕಾಲವೊಂದಿದೆ. 'ತೊಮಾಬ', 'ತೊಮಾಬಸ್', 'ತೊಮಾಬ', 'ತೊಮಾಬಮೊಸ್', 'ತೊಮಾಬಯ್ಸ್', 'ತೊಮಾಬನ್'. ಇಂಗ್ಲಿಷಿನ ಮೂಲಕ ಕಲಿಯುವವರು ಅಳುವುದು ಇಲ್ಲಿಯೆ. ಒಂದು ಭೂತಕಾಲ ಸಾಲದೆ ಎರಡೇಕೆ ಎಂದು ಅವರ ಪ್ರಶ್ನೆ. ಕನ್ನಡಿಗನಿಗೆ ಉತ್ತರವು ಬಾಯಲ್ಲಿಯೇ ಇದೆ. ತೆಗೆದುಕೊಂಡೆನು ಎಂಬುದು 'ತೊಮೇ'. ತೆಗೆದುಕೊಳ್ಳುತ್ತಿದ್ದೆನು ಎಂಬುದು 'ತೊಮಾಬ'. ಇಷ್ಟನ್ನು ಹೇಳಿ ಮುಂದಕ್ಕೆ ಹೋಗಬಹುದಾಗಿತ್ತು. ಆದರೆ ಈ ಎರಡರ ನಡುವಿನ ಗೆರೆ ಎಲ್ಲಿ ಬೀಳುವುದೆಂಬುದೇ ಈ ಭಾಷೆಯ ಜೀವಾಳವಾದುದರಿಂದ ಸ್ವಲ್ಪ ನಿಲ್ಲಬೇಕಾಗಿದೆ.

ಕೆಲವು ಪುಸ್ತಕಗಳು, ಬೇಗ ಮುಗಿದ ಕೆಲಸಕ್ಕೆ ಮೊದಲನೆಯದು, ಬಹುಕಾಲ ನಡೆದ ಕೆಲಸಕ್ಕೆ ಎರಡನೆಯದು ಎಂದು ಸೂತ್ರ ಕಟ್ಟಿಕೊಡುತ್ತವೆ. ಈ ಸೂತ್ರವನ್ನು ನಂಬಬಾರದು. "ಮೂರು ವರ್ಷ ಒಂದೇ ಮಾತ್ರೆಯನ್ನು ತೆಗೆದುಕೊಂಡೆನು" ಎಂಬಲ್ಲಿ ಕಾಲವು ಉದ್ದವೇ ಆದರೂ ಸ್ಪ್ಯಾನಿಷ್‌ನಲ್ಲಿ 'ತೊಮೇ' ಎಂದೇ ಹೇಳುವರು. ಏಕೆಂದರೆ ಆ ಮೂರು ವರ್ಷಕ್ಕೆ ಬೇಲಿ ಹಾಕಿ ಮುಗಿಸಿಯಾಯಿತು. ಕೆಲಸ ಎಷ್ಟು ಹೊತ್ತು ನಡೆಯಿತೆಂಬುದನ್ನು ಇವು ಕೇಳುವುದಿಲ್ಲ. ಮಾತಾಡುವವನು ಅದನ್ನು ಹೊರಗೆ ನಿಂತು ಇಡಿಯಾಗಿ ನೋಡುತ್ತಿರುವನೋ, ಒಳಗೆ ನಿಂತು ನಡೆಯುತ್ತಿರುವಂತೆ ನೋಡುತ್ತಿರುವನೋ ಎಂಬುದನ್ನು ಕೇಳುತ್ತವೆ.

ಇದನ್ನು ನಮ್ಮ ಅಜ್ಜಿಯರ ಕಥೆಗಳಿಗಿಂತ ಚೆನ್ನಾಗಿ ತಿಳಿಸುವ ಪಾಠ ಬೇರಿಲ್ಲ. ಒಂದೂರಿನಲ್ಲಿ ಒಬ್ಬ ಬಡವನಿದ್ದನು, ದಿನವೂ ಕಾಡಿಗೆ ಹೋಗುತ್ತಿದ್ದನು, ಸೌದೆ ಕಡಿಯುತ್ತಿದ್ದನು, ಸಂತೆಯಲ್ಲಿ ಮಾರುತ್ತಿದ್ದನು. ಇಷ್ಟು ಹೊತ್ತೂ ಮಗು ತೂಕಡಿಸುತ್ತಿರುತ್ತದೆ. ಆಗ ಅಜ್ಜಿಯು "ಒಂದು ದಿನ" ಎನ್ನುವಳು. ಮಗುವಿನ ಕಣ್ಣು ಅಗಲವಾಗುವುದು. ಒಂದು ದಿನ ಹುಲಿ ಬಂದಿತು, ಅವನು ಮರ ಹತ್ತಿದನು, ಕೊಡಲಿ ಕೆಳಗೆ ಬಿದ್ದಿತು. "ಒಂದು ದಿನ" ಎಂಬ ಮಾತಿನ ಹಿಂದಿರುವುದೆಲ್ಲ 'ತೊಮಾಬ'ದ ಕಾಲ; ಮುಂದಿರುವುದೆಲ್ಲ 'ತೊಮೋ' ಎಂಬುದರ ಕಾಲ. ಸ್ಪೇನಿನ ಅಜ್ಜಿಯೂ ಹೀಗೆಯೇ ಕಾಲವನ್ನು ಬದಲಾಯಿಸುವಳು. ನಮ್ಮ ಮಕ್ಕಳಿಗೆ ಪಟ್ಟಿಯನ್ನು ಉರುಹಾಕಿಸುವ ಮೊದಲು ಒಂದು ಕನ್ನಡ ಕಥೆಯನ್ನು ಕೊಟ್ಟು, "ಇದರಲ್ಲಿ 'ಉತ್ತಿದ್ದನು' ಎಲ್ಲಿ ನಿಲ್ಲುತ್ತದೆ?" ಎಂದು ಗೆರೆ ಎಳೆಯಿಸಿದರೆ ಎರಡನೆಯ ಭೂತಕಾಲವು ಅರ್ಧ ಗಂಟೆಯಲ್ಲಿ ಮನದಟ್ಟಾಗುವುದು.

ಪುಸ್ತಕಗಳು ಈ ಕಾಲಕ್ಕೆ 'ಅಪೂರ್ಣಭೂತ' ಎಂಬರ್ಥದ ಹೆಸರನ್ನು ಕೊಡುತ್ತವೆ. ಅದಕ್ಕಿಂತ ಒಳ್ಳೆಯ ಹೆಸರನ್ನು ಇಟ್ಟವನು ಅಂದ್ರೇಸ್ ಬೇಯೊ. ೧೭೮೧ರಲ್ಲಿ ಕರಾಕಸ್ ನಗರದಲ್ಲಿ ಹುಟ್ಟಿ ಚಿಲಿ ದೇಶದಲ್ಲಿ ನೆಲಸಿದ ಈ ಪಂಡಿತನು ಅಮೆರಿಕದ ಸ್ಪ್ಯಾನಿಷ್ ಜನರಿಗಾಗಿಯೇ ಬರೆದ ವ್ಯಾಕರಣವನ್ನು ೧೮೪೭ರಲ್ಲಿ ಪ್ರಕಟಿಸಿದನು. ಅದರಲ್ಲಿ ಈ ಕಾಲವನ್ನು 'ಸಹಭೂತ' ಎಂಬರ್ಥ ಬರುವಂತೆ 'ಕೊಪ್ರೆತೇರಿತೊ' ಎಂದು ಕರೆದನು. ಮತ್ತೊಂದು ಭೂತಘಟನೆಯ ಜತೆಯಲ್ಲಿ ನಡೆಯುತ್ತಿದ್ದುದು ಎಂದು ತಾತ್ಪರ್ಯ: ನಾನು ಕಾಫಿ ತೆಗೆದುಕೊಳ್ಳುತ್ತಿದ್ದೆನು, ಆಗ ಗಂಟೆ ಬಾರಿಸಿತು. ಮೆಕ್ಸಿಕೋದ ಪಾಠಪುಸ್ತಕಗಳಲ್ಲಿ ಈ ಹೆಸರು ಇಂದಿಗೂ ಇದೆ. ಇನ್ನೊಂದು ಸಮಾಧಾನವನ್ನೂ ಹೇಳಿಬಿಡುವೆವು: ಇಡೀ ಭಾಷೆಯಲ್ಲಿ ಈ ಕಾಲದಲ್ಲಿ ದಾರಿ ತಪ್ಪಿ ನಡೆಯುವ ಕ್ರಿಯಾಪದಗಳು ಮೂರೇ ಮೂರು; ಇರುವುದು, ಹೋಗುವುದು, ನೋಡುವುದು ಎಂಬ ಅರ್ಥದವು.

ಔಷಧದ ಮಾತಿಗೆ ಬರೋಣ. ರಕ್ತದ ಒತ್ತಡಕ್ಕೆ ದಿನವೂ ಬೆಳಿಗ್ಗೆ ಒಂದು ಮಾತ್ರೆ ತೆಗೆದುಕೊಳ್ಳುವ ಹಿರಿಯರೊಬ್ಬರು ಮಗನ ಮನೆಗೆಂದು ಸ್ಪೇನಿಗೆ ಹೋಗಿರುವರೆನ್ನೋಣ. ಅಲ್ಲಿ ತಲೆಸುತ್ತು ಬಂದು ವೈದ್ಯರ ಬಳಿಗೆ ಹೋದರು. ಏನಾದರೂ ಔಷಧ ಉಂಟೆ ಎಂದು ವೈದ್ಯರು ಕೇಳಿದರು. ಇವರು "ತೋಮೊ" ಎಂದರೆ, ನಿತ್ಯವೂ ತೆಗೆದುಕೊಳ್ಳುತ್ತೇನೆ ಎಂದಾಯಿತು. ಸರಿಯಾದ ಉತ್ತರ ಇದೇ. "ತೊಮಾಬ" ಎಂದರೆ, ಹಿಂದೆ ತೆಗೆದುಕೊಳ್ಳುತ್ತಿದ್ದೆ ಎಂದಾಗಿ, ಈಗ ಬಿಟ್ಟಿರುವರೆಂಬ ಭಾವನೆ ಕೇಳುವವರಿಗೆ ಬರುವುದು. ವೈದ್ಯರು ಹೊಸದಾಗಿ ಮತ್ತೊಂದು ಮಾತ್ರೆಯನ್ನು ಬರೆದುಕೊಟ್ಟಾರು. "ತೊಮೇ" ಎಂದರೆ ತೆಗೆದುಕೊಂಡೆ, ಮುಗಿಯಿತು. ಒಂದೇ ಧಾತು, ಮೂರು ಕೊನೆಗಳು, ಮೂರು ಬೇರೆ ಬೇರೆ ಚಿಕಿತ್ಸೆಗಳು! ಮೇಲಾಗಿ 'ತೊಮಾಬ' ಎಂಬುದು ನಾನು, ಅವನು ಎಂಬ ಎರಡಕ್ಕೂ ಒಂದೇ ರೂಪ. ತಂದೆಯ ಪರವಾಗಿ ಮಗನು ಮಾತಾಡುವಾಗ ಯಾರು ತೆಗೆದುಕೊಳ್ಳುತ್ತಿದ್ದರೆಂಬುದು ತೊಡಕಾಗುವುದು. ಎಲ್ಲಿಯೂ ಸೇರಿಸಬೇಡಿರೆಂದು ಹೇಳಿದ 'ಯೊ', 'ಏಲ್' ಎಂಬ ಸರ್ವನಾಮಗಳನ್ನು ಇಲ್ಲಿ ಮರೆಯದೆ ಸೇರಿಸಬೇಕು. ಕ್ರಿಯಾಪದವನ್ನೇ ನಂಬಿ ಕೂರದೆ, ಮಾತ್ರೆಯ ಹೆಸರನ್ನೂ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕೆಂಬುದು ವ್ಯಾಕರಣದ ಹೊರಗಿನ ಮಾತು. ಆದರೂ ಹೇಳದೆ ಬಿಡಲಾರೆವು.

ಮೊದಲೇ ಹೇಳುವೆವೆಂದ ಸ್ವಾರಸ್ಯವು ಇದು. "ಅವರು ಸ್ವಲ್ಪ ತೆಗೆದುಕೊಳ್ಳುತ್ತಾರೆ" ಎಂದು ದನಿ ತಗ್ಗಿಸಿ ಹೇಳಿದರೆ ನಮ್ಮಲ್ಲಿ ಅದಕ್ಕೆ ಇರುವ ಅರ್ಥವು ಎಲ್ಲರಿಗೂ ಗೊತ್ತು. ಮೆಕ್ಸಿಕೋ ಮೊದಲಾದ ಅಮೆರಿಕದ ಸ್ಪ್ಯಾನಿಷ್ ದೇಶಗಳಲ್ಲಿಯೂ 'ತೊಮಾರ್' ಎಂಬ ಮಾತು ಹಾಗೆಯೇ ಬಳಕೆಯಲ್ಲಿದೆ! ಏನನ್ನು ಎಂದು ಹೇಳದೆ ಬರಿಯ 'ತೋಮ' ಎಂದರೆ, ಮದ್ಯಪಾನ ಮಾಡುತ್ತಾನೆ ಎಂದು ಅರ್ಥ. "ನೋ ತೋಮೊ" ಎಂದರೆ ನನಗೆ ಆ ಅಭ್ಯಾಸವಿಲ್ಲ ಎಂದಾಗುವುದು. ಹೀಗಿರುವಾಗ, ಒಬ್ಬನು ಮದುವೆಯ ಮನೆಯಲ್ಲಿ ಒಂದು ಸಲ ಕುಡಿದುದನ್ನು 'ತೊಮೋ' ಎಂದು ಹೇಳಬೇಕಾದಲ್ಲಿ 'ತೊಮಾಬ' ಎಂದುಬಿಟ್ಟರೆ ಒಂದು ರಾತ್ರಿಯ ಚಪಲವು ಒಂದು ಜೀವಮಾನದ ಚಾಳಿಯಾಗಿಬಿಡುವುದು. ಹೆಣ್ಣು ಕೊಡುವವರು ಕೇಳಿಸಿಕೊಳ್ಳುವ ಜಾಗದಲ್ಲಿ ಇದು ಚಿಕ್ಕ ವ್ಯತ್ಯಾಸವಲ್ಲ.

ಮೂರನೆಯದೊಂದು ಭೂತವುಂಟು: 'ಎ ತೊಮಾದೊ'. ತೆಗೆದುಕೊಂಡಿದ್ದೇನೆ ಎಂಬುದಕ್ಕೆ ಸಮ. ನಾವು 'ತೆಗೆದುಕೊಂಡು' ಎಂಬುದಕ್ಕೆ 'ಇದ್ದೇನೆ' ಎಂಬುದನ್ನು ಬೆಸೆಯುವಂತೆ, ಅವರು 'ಅಬೇರ್' ಎಂಬ ಸಹಾಯಕ ಕ್ರಿಯಾಪದವನ್ನು ಮುಂದೆ ಇಡುವರು. ಬದಲಾಗುವುದು ಸಹಾಯಕ ಮಾತ್ರ: ಎ, ಆಸ್, ಆ, ಏಮೊಸ್, ಅಬೇಯ್ಸ್, ಆನ್. 'ತೊಮಾದೊ' ಎಂಬುದು ಯಾರ ಮಾತಿಗೂ ಜಗ್ಗದೆ ಹಾಗೆಯೇ ಇರುವುದು. ಸ್ಪೇನಿನ ಬಹುಭಾಗದಲ್ಲಿ ಇಂದು ನಡೆದುದನ್ನು ಹೇಳುವಾಗ ಇದನ್ನೇ ಬಳಸುವರು. ನಿನ್ನೆಯದನ್ನು 'ತೊಮೇ' ಎನ್ನುವರು. ಸಮುದ್ರದಾಚೆ ಅಮೆರಿಕದ ಬಹುಭಾಗದಲ್ಲಿ ಇಂದಿನದಕ್ಕೂ ನಿನ್ನೆಯದಕ್ಕೂ 'ತೊಮೇ' ಎಂದೇ ಹೇಳುವರು. ಎರಡೂ ಸರಿ. ಮಗ ಇರುವ ಊರಿನ ರೂಢಿಯನ್ನು ಹಿಡಿದರೆ ಸಾಕು.

ಭವಿಷ್ಯತ್ಕಾಲದಲ್ಲಿ ಅವರು ಧಾತುವಿನ ಕೊನೆಯನ್ನು ಕಳಚುವುದೇ ಇಲ್ಲ. ಇಡೀ 'ತೊಮಾರ್' ಶಬ್ದಕ್ಕೇ ಪ್ರತ್ಯಯ ಹಚ್ಚುವರು. ತೊಮರೇ, ತೊಮರಾಸ್, ತೊಮರಾ, ತೊಮರೇಮೊಸ್, ತೊಮರೇಯ್ಸ್, ತೊಮರಾನ್. ಈ ಕೊನೆಗಳನ್ನು ಎಲ್ಲಿಯೋ ಕೇಳಿದಂತಿಲ್ಲವೆ? ಈಗತಾನೆ ಕಂಡ ಎ, ಆಸ್, ಆ ಎಂಬ ಸಹಾಯಕವೇ ಹಿಂದಕ್ಕೆ ಬಂದು ಅಂಟಿಕೊಂಡಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಇವೆರಡರ ನಡುವೆ ಸರ್ವನಾಮವನ್ನು ತೂರಿಸಿ 'ತೊಮಾರ್‌ಲೊ ಎ' ಎಂದು ಬಿಡಿಸಿ ಹೇಳುವುದೂ ಇತ್ತು. ೧೪೯೨ರಲ್ಲಿ, ಎಂದರೆ ಕೊಲಂಬಸನು ಹಡಗು ಹತ್ತಿದ ವರ್ಷದಲ್ಲಿಯೇ, ಸಾಲಮಾಂಕ ನಗರದಲ್ಲಿ ಅಂತೋನಿಯೊ ದೆ ನೆಬ್ರೀಹ ಎಂಬ ಪಂಡಿತನು ಇಸಬೆಲ್ ರಾಣಿಗೆ ಅರ್ಪಿಸಿ ಪ್ರಕಟಿಸಿದ ಮೊದಲ ಸ್ಪ್ಯಾನಿಷ್ ವ್ಯಾಕರಣದಲ್ಲಿ ಈ ಬೆಸುಗೆಯನ್ನು ಗುರುತಿಸಿರುವನು. 'ಬಂದು' ಮತ್ತು 'ಇರುವೆನು' ಸೇರಿ 'ಬಂದಿರುವೆನು' ಎಂದಾಗುವುದನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ದಿನದ ಮಾತಿನಲ್ಲಾದರೋ ಜನರು 'ಬೊಯ್ ಅ ತೊಮಾರ್' ಎಂದು, ತೆಗೆದುಕೊಳ್ಳಲು ಹೋಗುತ್ತೇನೆ ಎಂಬ ಬಗೆಯಲ್ಲಿ, ಭವಿಷ್ಯವನ್ನು ಹೇಳುವುದೇ ಹೆಚ್ಚು. 'ತೊಮರಾ' ಎಂಬ ರೂಪಕ್ಕೆ ಊಹೆಯ ಅರ್ಥವೂ ಉಂಟು: ದಿನಕ್ಕೆ ಮೂರು ಲೋಟ ಕಾಫಿಯಾದರೂ ತೆಗೆದುಕೊಂಡಾನು! ನಮ್ಮ ಸಂಭಾವನಾರ್ಥದ 'ಆನು' ಪ್ರತ್ಯಯದ ಕೆಲಸವನ್ನು ಅವರ ಭವಿಷ್ಯತ್ತು ಮಾಡುವುದೆಂದು ತಿಳಿಯತಕ್ಕದ್ದು.

ಇದೇ ಬಗೆಯಲ್ಲಿ 'ತೊಮಾರ್' ಶಬ್ದಕ್ಕೆ 'ಈಯ' ಎಂಬ ಕೊನೆ ಹತ್ತಿದರೆ 'ತೊಮರೀಯ' ಎಂದಾಗುವುದು; ಹೀಗಿದ್ದರೆ ತೆಗೆದುಕೊಳ್ಳುವೆನು ಎಂಬ ನಿಬಂಧನೆಯ ರೂಪ. ಕನ್ನಡಿಗನು ಜಾರಿ ಬೀಳುವ ಮುಖ್ಯವಾದ ಜಾಗವಿದು. ನಾವು "ಹುಡುಗನಾಗಿದ್ದಾಗ ದಿನವೂ ಹಾಲು ತೆಗೆದುಕೊಳ್ಳುತ್ತಿದ್ದೆ" ಎನ್ನುತ್ತೇವೆ. "ಹಸಿವಿದ್ದಿದ್ದರೆ ಇನ್ನೊಂದು ದೋಸೆ ತೆಗೆದುಕೊಳ್ಳುತ್ತಿದ್ದೆ" ಎಂದೂ ಅನ್ನುತ್ತೇವೆ. ನಡೆದುದಕ್ಕೂ ನಡೆಯದುದಕ್ಕೂ ನಮಗೆ ಒಂದೇ ರೂಪ. ಸ್ಪ್ಯಾನಿಷ್‌ನಲ್ಲಿ ಮೊದಲನೆಯದು 'ತೊಮಾಬ'. ಎರಡನೆಯದು 'ತೊಮರೀಯ'ದ ಕಡೆಯದು. ನಡೆದ ಮಾತೋ, 'ಇದ್ದರೆ' ಎಂಬ ಮಾತೋ ಎಂದು ಒಮ್ಮೆ ತನ್ನನ್ನೇ ಕೇಳಿಕೊಂಡು ಬಾಯಿ ತೆರೆಯಬೇಕು. ವಿನಯಕ್ಕೂ ಈ ರೂಪವು ಒದಗುವುದು: "ತೊಮರೀಯ ಉಸ್ತೇದ್ ಉನ್ ಕಫೇ?" ಎಂದರೆ, ತಾವು ಒಂದು ಕಾಫಿ ತೆಗೆದುಕೊಳ್ಳಬಹುದೆ ಎಂದಂತೆ.

'ಉಸ್ತೇದ್' ಎಂಬ ಈ ಮಾತನ್ನು ವಿವರಿಸದೆ ಕಾಫಿ ಕೊಡುವಂತಿಲ್ಲ. ಸಲಿಗೆಯವರನ್ನು 'ತೂ' ಎಂದು ಏಕವಚನದಲ್ಲಿಯೂ ಗೌರವಕ್ಕೆ ತಕ್ಕವರನ್ನು 'ಉಸ್ತೇದ್' ಎಂದೂ ಕರೆಯುವರು. ಮೂಲದಲ್ಲಿ ಇದು 'ತಮ್ಮ ಅನುಗ್ರಹವು' ಎಂಬಂಥ ಎರಡು ಮಾತುಗಳ ಗೌರವವಾಚಕ. ಸವೆದು ಸವೆದು ಒಂದಾಯಿತು. ಎದುರಿಗೆ ನಿಂತವರನ್ನೇ ದೂರದವರಂತೆ ಹೆಸರಿಸುವುದರಿಂದ ಕ್ರಿಯಾಪದವು ಮಧ್ಯಮಪುರುಷದಲ್ಲಿರದೆ ಪ್ರಥಮಪುರುಷದಲ್ಲಿರುವುದು: 'ಉಸ್ತೇದ್ ತೋಮ'. ನಮ್ಮ ಹಳ್ಳಿಗಳಲ್ಲಿ ಒಕ್ಕಲಿನವನು ಎದುರಿಗಿರುವ ಯಜಮಾನನನ್ನೇ "ಬುದ್ಧಿಯವರು ಏನು ಅಪ್ಪಣೆ ಕೊಡಿಸುತ್ತಾರೆ?" ಎಂದು ಕೇಳುತ್ತಿದ್ದುದನ್ನು ನೆನೆದುಕೊಂಡರೆ ಬೇರೆ ವಿವರಣೆ ಬೇಡ. ಹಲವರನ್ನು ಕುರಿತು 'ಉಸ್ತೇದೆಸ್ ತೋಮನ್' ಎನ್ನುವರು. ಸ್ಪೇನಿನಲ್ಲಿ ಸಲಿಗೆಯ ಬಹುವಚನಕ್ಕೆ 'ಬೊಸೋತ್ರೊಸ್' ಎಂಬ ಬೇರೆ ಮಾತಿದೆ. 'ತೊಮಾಯ್ಸ್', 'ತೊಮಾಸ್ತೆಯ್ಸ್' ಮುಂತಾದ ನಾಲಗೆ ತಿರುಚುವ ರೂಪಗಳು ಅದಕ್ಕೇ ಸೇರಿದವು. ಅಮೆರಿಕದ ದೇಶಗಳಲ್ಲಿ ಅದು ಬಳಕೆಯಲ್ಲಿಲ್ಲ. ಮಕ್ಕಳು ಮೆಕ್ಸಿಕೋದಲ್ಲಿದ್ದರೆ ಪ್ರತಿ ಪಟ್ಟಿಯಿಂದಲೂ ಒಂದು ಸಾಲನ್ನು ಹೊಡೆದುಹಾಕಬಹುದು! ಅರ್ಜೆಂಟೀನದಲ್ಲಿ 'ತೂ' ಎಂಬುದರ ಬದಲು 'ಬೊಸ್' ಎಂದು ಹೇಳಿ, 'ತೋಮಸ್' ಎಂಬುದರ ಒತ್ತನ್ನು ಹಿಂದಕ್ಕೆ ತಳ್ಳಿ 'ತೊಮಾಸ್' ಎನ್ನುವರು. ಕೊಲಂಬಿಯದ ಕೆಲವು ಭಾಗಗಳಲ್ಲಿ ಮನೆಯೊಳಗಿನವರನ್ನೂ 'ಉಸ್ತೇದ್' ಎಂದೇ ಮಾತಾಡಿಸುವರು. ಸ್ಪೇನಿನಲ್ಲಾದರೋ ಅಂಗಡಿಯ ಹುಡುಗನೂ ಬೇಗನೆ 'ತೂ' ಎಂಬುದಕ್ಕೆ ಇಳಿಯುವನು. ನಮ್ಮ ಹಿರಿಯರು ಇದನ್ನು ಅಗೌರವವೆಂದು ಎಣಿಸಿ ಮುಖ ಗಂಟಿಕ್ಕಬಾರದು. ತಾವು ಮಾತ್ರ ಅಪರಿಚಿತರನ್ನೂ ವಯಸ್ಸಾದವರನ್ನೂ 'ಉಸ್ತೇದ್' ಎನ್ನುತ್ತಿರುವುದೇ ಲೇಸು. ಮರ್ಯಾದೆ ಹೆಚ್ಚಾಯಿತೆಂದು ಯಾರೂ ಜಗಳಕ್ಕೆ ಬರುವುದಿಲ್ಲ.

ವಿಧ್ಯರ್ಥದಲ್ಲಿ ಸಲಿಗೆಯವರಿಗೆ 'ತೋಮ', ಎಂದರೆ ತೆಗೆದುಕೊ. ಗೌರವಕ್ಕೆ 'ಅ'ಕಾರವು 'ಎ'ಕಾರವಾಗಿ 'ತೋಮೆ', ಹಲವರಿಗೆ 'ತೋಮೆನ್', ಎಂದರೆ ತೆಗೆದುಕೊಳ್ಳಿ. ಇಲ್ಲಿಯೂ ಒತ್ತಿನ ಹಳೆಯ ಗಂಡಾಂತರವುಂಟು. ಅತಿಥಿಗೆ ಲೋಟವನ್ನು ನೀಡಿ 'ತೋಮೆ' ಎನ್ನುವ ಬದಲು 'ತೊಮೇ' ಎಂದರೆ, ಕಾಫಿಯನ್ನು ನಾನೇ ತೆಗೆದುಕೊಂಡುಬಿಟ್ಟೆ ಎಂದಾಗುವುದು. ಬೇಡವೆನ್ನುವಾಗ ಸಲಿಗೆಯಲ್ಲಿಯೂ ಎಕಾರವೇ ಬರುವುದು: 'ನೋ ತೋಮೆಸ್', ತೆಗೆದುಕೊಳ್ಳಬೇಡ. ನಮ್ಮ 'ತೆಗೆದುಕೊಳ್ಳಲಿ' ಎಂಬ ಹಾರೈಕೆಯ ಮಾತಿಗೂ ಇವೇ ಎಕಾರದ ರೂಪಗಳು ಒದಗುತ್ತವೆ. ಅದರ ವಿಸ್ತಾರಕ್ಕೆ ಒಂದು ಸಂಚಿಕೆಯೇ ಬೇಕು.

'ಏರ್', 'ಈರ್' ಕೊನೆಯ ಗುಂಪುಗಳ ವಿಷಯದಲ್ಲಿ ಸದ್ಯಕ್ಕೆ ಇಷ್ಟು ಸಾಕು. ತಿನ್ನುವುದೆಂಬರ್ಥದ 'ಕೊಮೇರ್' ಎಂಬಲ್ಲಿ 'ಆಬ' ಪ್ರತ್ಯಯದ ಬದಲು 'ಈಯ' ಬಂದು 'ಕೊಮೀಯ' ಎಂದಾಗುವುದು. ತಿನ್ನುತ್ತಿದ್ದೆನು ಎಂಬುದಕ್ಕೆ 'ಕೊಮೀಯ', ಹೀಗಿದ್ದರೆ ತಿನ್ನುವೆನು ಎಂಬುದಕ್ಕೆ 'ಕೊಮೆರೀಯ'. ನಡುವಿರುವುದು 'ಎರ್' ಎಂಬ ಒಂದು ತುಣುಕು ಮಾತ್ರ. ಮೇಲೆ ಹೇಳಿದ ದೋಸೆಯ ವಾಕ್ಯವನ್ನು ವಾಚಕರು ಈ ಎರಡು ರೂಪಗಳೊಡನೆ ಕೆಲವು ಸಲ ಹೇಳಿನೋಡಿರಲಿ; ಮುಂದಿನ ತಿಂಗಳು ಅಲ್ಲಿಂದಲೇ ಪ್ರಾರಂಭಿಸುವೆವು.